ಹಳೇ ಟಿವಿಯ ಆ ಸಿಡುಕು ಮೋರೆಯವರು ಯಾರು?

ಹಳೇ ಅಮೆರಿಕನ್ ಧಾರಾವಾಹಿಗಳಲ್ಲಿ ಪದೇ ಪದೇ ಕಾಣಿಸುವ, ಕನ್ನಡಕ ಹಾಕಿದ ಆ ಸಣಕಲು, ಸಿಡುಕು ಮನುಷ್ಯ ಯಾರು ಅಂತ ಕೇಳಿದ್ದೀರಿ. ಅವರು ಚಾರ್ಲ್ಸ್ ಲೇನ್. ಹುಟ್ಟಿದ್ದು 1905ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ತೀರಿಕೊಂಡಿದ್ದು 2007ರಲ್ಲಿ, ಆಗ ಅವರಿಗೆ 102 ವರ್ಷ.

ಮೊದಲು ಇನ್ಶೂರೆನ್ಸ್ ಕೆಲಸದಲ್ಲಿದ್ದರು. ಆಮೇಲೆ ನಾಟಕ, 1930ರ ದಶಕದಿಂದ ಸಿನಿಮಾ, ನಂತರ ಟಿವಿ. ನೂರಾರು ಪಾತ್ರ ಮಾಡಿದರು, ಹೆಚ್ಚಿನವು ಸಣ್ಣವೇ: ಗುಮಾಸ್ತ, ತೆರಿಗೆ ಅಧಿಕಾರಿ, ಬ್ಯಾಂಕಿನವನು. 1963ರಲ್ಲಿ ಶುರುವಾದ 'ಪೆಟಿಕೋಟ್ ಜಂಕ್ಷನ್' ಧಾರಾವಾಹಿಯಲ್ಲಿ ಪುಟ್ಟ ರೈಲೊಂದರ ಓಡಾಟವನ್ನೇ ಬಂದ್ ಮಾಡಿಸಿ ತೀರುತ್ತೇನೆ ಅಂತ ಹಠ ಹಿಡಿದ ರೈಲ್ವೆ ಅಧಿಕಾರಿ ಹೋಮರ್ ಬೆಡ್ಲೋ ಇವರೇ.

ನನಗೆ ಇವರು ಯಾಕಿಷ್ಟು ಇಷ್ಟ ಅಂದ್ರೆ, ಎರಡೇ ನಿಮಿಷ ಬಂದರೂ ನಗಿಸೋಕೆ ಅಂತ ಏನೂ ಮಾಡುವುದಿಲ್ಲ, ಸುಮ್ನೆ ಗಂಟುಮುಖದಲ್ಲಿ ಪಟಪಟ ಮಾತಾಡಿ ಹೋಗ್ತಾರೆ, ಆದರೆ ಎದುರಿಗಿರುವ ನಾಯಕ ನಟರ ತಮಾಷೆ ಅದರಿಂದಲೇ ಜಾಸ್ತಿ ಕಳೆಗಟ್ಟುತ್ತದೆ. ಅದು ಸಣ್ಣ ಕೆಲಸ ಅಲ್ಲ. ನೂರು ತುಂಬಿದ ಮೇಲೂ, 2005ರಲ್ಲಿ ಸನ್ಮಾನ ಮಾಡಿದಾಗ, ಕೆಲಸ ಇದ್ದರೆ ಹೇಳಿ, ನಾನಿನ್ನೂ ಸಿಗ್ತೀನಿ ಅಂದಿದ್ದರು!

ಶುರು ಮಾಡೋದಾದರೆ 'ಐ ಲವ್ ಲೂಸಿ' ಅನ್ನೋ ಹಾಸ್ಯ ಧಾರಾವಾಹಿಯಲ್ಲಿ ಮಗು ಹುಟ್ಟುವ 1953ರ ಕಂತು ನೋಡಿ. ಆಸ್ಪತ್ರೆಯಲ್ಲಿ ಕಾಯುತ್ತಾ ಕೂತ ಇನ್ನೊಬ್ಬ ಅಪ್ಪ ಇವರೇ.