ದೊಡ್ಡ ಡೀಸೆಲ್ ಎಸ್‌ಯುವಿಗೆ ಏನು ಹಾಕಿಸಿದರೆ ಮೈಲೇಜ್ ಜಾಸ್ತಿ ಆಗುತ್ತದೆ?

ಹೊಸದು ಹಾಕಿಸುವುದಕ್ಕಿಂತ, ಈಗಾಗಲೇ ಹಾಕಿಸಿರುವುದನ್ನು ತೆಗೆಸುವುದರಲ್ಲೇ ಲಾಭ ಜಾಸ್ತಿ. ಮೊದಲು ಮೇಲಿನ ಕ್ಯಾರಿಯರ್ ಬಿಚ್ಚಿಡಿ. ಖಾಲಿ ಇದ್ದರೂ ಅದು ಗಾಳಿಗೆ ಅಡ್ಡವೇ. ಗಾಳಿಯ ತಡೆ ವೇಗದ ವರ್ಗಕ್ಕೆ (ವೇಗ × ವೇಗ) ತಕ್ಕಂತೆ ಏರುತ್ತದೆ. 80ರಿಂದ 110 ಕಿ.ಮೀ. ವೇಗಕ್ಕೆ ಹೋದರೆ ಅದು ಹೆಚ್ಚುಕಡಿಮೆ ಎರಡು ಪಟ್ಟು!

ಅಗಲದ ಆಫ್‌ರೋಡ್ ಟೈರ್ ಇದ್ದರೆ ಕಂಪನಿ ಅಳತೆಯ ಹೈವೇ ಟೈರ್ ಹಾಕಿಸಿ. ಟೈರ್ ತಣ್ಣಗಿದ್ದಾಗ ಗಾಳಿ ಚೆಕ್ ಮಾಡಿ.

ಡೀಸೆಲ್ ಎಂಜಿನ್‌ನಲ್ಲಿ ಪೆಟ್ರೋಲ್ ಎಂಜಿನ್‌ನಂತೆ ಥ್ರಾಟಲ್ (ಗಾಳಿ ಒಳಗೆ ಹೋಗುವ ದಾರಿಯ ಕವಾಟ) ಗಾಳಿಯನ್ನು ಬಿಗಿ ಹಿಡಿಯುವುದಿಲ್ಲ. ಹಾಗಾಗಿ ದುಬಾರಿ ಏರ್ ಫಿಲ್ಟರ್‌ಗೆ ಸುಮ್ನೆ ದುಡ್ಡು ಹಾಕಬೇಡಿ, ಇರುವುದನ್ನೇ ಸ್ವಚ್ಛವಾಗಿಡಿ. ಡಿಪಿಎಫ್ (ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್) ತೆಗೆಸಿ ಅನ್ನುವವರ ಮಾತನ್ನಂತೂ ಕೇಳಲೇಬೇಡಿ. ಆ ಮಸಿ ಎಲ್ಲರ ಶ್ವಾಸಕೋಶಕ್ಕೇ ಹೋಗುವುದು, ಅಲ್ವಾ? ರೀಮ್ಯಾಪ್‌ನಿಂದ, ಅಂದರೆ ಎಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಿಸುವುದರಿಂದ, ಸ್ವಲ್ಪ ಡೀಸೆಲ್ ಉಳಿಯಬಹುದು, ಆದರೆ ಹೆಚ್ಚಿದ ಶಕ್ತಿ ಸಿಕ್ಕಿತೆಂದು ಕಾಲು ಒತ್ತಿದರೆ ಆ ಉಳಿತಾಯವೂ ಇಲ್ಲ.