ಎಡಕ್ಕೆ ಮಾತ್ರ ಇದ್ದ ಲೇನಿನಿಂದ ನೇರ ಹೋದೆ ಅಂತ ಚಲನ್ ಬಂದಿದೆ, ಕಟ್ಟಿಬಿಡಲಾ?

ಬಳ್ಳಾರಿಯ ಒಂದು ಸಿಗ್ನಲ್‌ನಲ್ಲಿ ಎಡಕ್ಕೆ ತಿರುಗೋರ ಲೇನಿನಲ್ಲಿದ್ದು ನೇರ ಹೋಗಿದ್ದೀರಿ ಅಂತ ನಿಮಗೆ 500 ರೂಪಾಯಿ ಇ-ಚಲನ್ ಬಂದಿದೆ. ನೆಲದ ಮೇಲಿನ ಬಾಣ ಅಳಿಸಿಹೋಗಿತ್ತು, ಕಟ್ಟಲಾ, ತಕರಾರು ಹಾಕಲಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಕಟ್ಟಬೇಡಿ. ಕಟ್ಟಿದರೆ ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಪ್ರಕಾರ ರಾಜಿಯಾಗಿ ಅಲ್ಲಿಗೆ ಮುಗೀತು. ಆಮೇಲೆ ನನ್ನ ತಪ್ಪಿರಲಿಲ್ಲ ಅಂದರೆ ಕೇಳೋರಿರಲ್ಲ.

ನನ್ನದು ಗೂಡ್ಸ್ ಆಟೊ. ಜೀನ್ಸ್ ಹೊಲಿಯೋ ಕಡೆಯಿಂದ ವಾಷಿಂಗ್ ಯುನಿಟ್‌ಗೆ ಗಂಟು ಸಾಗಿಸ್ತೀನಿ. ನನಗೂ ಇದೇ ಚಲನ್ ಬಂದಿತ್ತು. ಅವತ್ತು ನೇರ ಹೋಗೋ ಲೇನಿನಲ್ಲಿ ಅದಿರಿನ ಲಾರಿ ಕೆಟ್ಟು ನಿಂತಿತ್ತು. ನಡುವೆ ನಿಂತಿದ್ದ ಪೊಲೀಸರೇ ಕೈ ಮಾಡಿ, ಎಡ ಲೇನಿನಲ್ಲಿದ್ದ ನಮ್ಮನ್ನೆಲ್ಲ ಮುಂದೆ ಬಿಟ್ಟರು. ಹೋದೆ. ಮುಂದಿನ ವಾರ ಮೊಬೈಲಿಗೆ ಮೆಸೇಜು. ಫೋಟೊದಲ್ಲಿ ನನ್ನ ಗಾಡಿಯ ಹಿಂಭಾಗ, ನಂಬರ್ ಪ್ಲೇಟು, ಅಷ್ಟೇ. ಲಾರಿನೂ ಇಲ್ಲ, ಪೊಲೀಸರ ಕೈನೂ ಇಲ್ಲ.

ಠಾಣೆಗೆ ಹೋದರೆ, "ಐನೂರಕ್ಕೆ ಯಾಕೆ ಒದ್ದಾಡ್ತೀಯಪ್ಪ, ಕಟ್ಟಿ ಹೋಗು" ಅಂದರು. ಡೀಸೆಲ್ ಕಳೆದು ನನಗೆ ದಿನಕ್ಕೆ ಉಳಿಯೋದೇ ಅಷ್ಟು. ಅದಕ್ಕಿಂತ, ಹೇಳಿದಂತೆ ಕೇಳಿದ್ದಕ್ಕೆ ತಪ್ಪುಗಾರ ಅನ್ನಿಸಿಕೊಂಡದ್ದು ಬಹಳ ನೋಯಿಸಿತು. ಪರಿಚಯದ ವಕೀಲರು 119ನೇ ಸೆಕ್ಷನ್ ಓದಿ ಹೇಳಿದರು: ಚಾಲಕ ಫಲಕವನ್ನೂ ಪಾಲಿಸಬೇಕು, ಸಿಗ್ನಲ್ ದೀಪವನ್ನೂ ಪಾಲಿಸಬೇಕು, ಸಂಚಾರ ನಿಯಂತ್ರಿಸ್ತಿರೋ ಪೊಲೀಸ್ ಅಧಿಕಾರಿಯ ಸೂಚನೆಯನ್ನೂ ಪಾಲಿಸಬೇಕು. ನಾನು ಪಾಲಿಸಿದ್ದು ಅದನ್ನೇ. ಆ ಹೊತ್ತಿನ ಪೂರ್ತಿ ವಿಡಿಯೊ ನೋಡಿ ಅಂತ ಅರ್ಜಿ ಬರೆದುಕೊಟ್ಟೆ. ಎರಡು ಸಲ ಅಲೆದ ಮೇಲೆ ಒಬ್ಬ ಅಧಿಕಾರಿ ಕೂತು ನೋಡಿದರು. ಮೂಲೆಯಲ್ಲಿ ಎತ್ತಿದ ಕೈ ಕಾಣಿಸಿತು. ಚಲನ್ ರದ್ದಾಯಿತು.

ನಿಮ್ಮದು ಬೇರೆ. ನಿಮ್ಮ ಪರವಾಗಿ ಹೇಳೋಕೆ ಪೊಲೀಸರ ಕೈ ಇಲ್ಲ, ಅಳಿಸಿದ ಬಣ್ಣ ಇದೆ. ಅದಕ್ಕೇ ಇವತ್ತೇ ಅಲ್ಲಿಗೆ ಹೋಗಿ. ನಮ್ಮೂರ ಕೆಂಪು ದೂಳು, ಭಾರದ ಲಾರಿಗಳ ಟೈರು, ಇವೆರಡರ ಕೆಳಗೆ ಬಾಣದ ಬಣ್ಣ ಎಷ್ಟು ದಿನ ತಡೆದೀತು? ಆದರೆ ನಾಳೆ ಯಾರೋ ಬಂದು ಹೊಸದಾಗಿ ಬಳಿದರೆ ನಿಮ್ಮ ಸಾಕ್ಷಿ ಹೋಯಿತು. ನೀವು ಬಂದ ದಿಕ್ಕಿನಿಂದಲೇ, ಸೀಟಿನಲ್ಲಿ ಕೂತಾಗ ಕಣ್ಣು ಎಷ್ಟು ಎತ್ತರ ಇರುತ್ತೋ ಅಷ್ಟೇ ಎತ್ತರದಿಂದ ಫೋಟೊ ತೆಗೀರಿ. 50 ಮೀಟರ್ ದೂರದಿಂದ ಒಂದು, ಹತ್ತಿರದಿಂದ ಒಂದು. ದಿನಾಂಕ ಇರಲಿ. ಅಲ್ಲೇ ನಿಂತು ಕಂಬಗಳನ್ನೂ ನೋಡಿ. ನೀಲಿ ದುಂಡು ಫಲಕದಲ್ಲಿ ಎಡ ಬಾಣ ಇದ್ದು, ಮರ, ಫ್ಲೆಕ್ಸು ಯಾವುದೂ ಅಡ್ಡ ಇಲ್ಲದಿದ್ದರೆ ನಿಮ್ಮ ವಾದ ನಿಲ್ಲೋದು ಕಷ್ಟ, ಕಟ್ಟಿಬಿಡಿ ಅಂತಲೇ ಹೇಳ್ತೀನಿ.

ಚಲನ್‌ನಲ್ಲಿ ಸೆಕ್ಷನ್ ಯಾವುದು ಅಂತಲೂ ನೋಡಿ. 177 ಇದ್ದರೆ ಮೊದಲ ಸಲಕ್ಕೆ 500ರವರೆಗೆ, ಮತ್ತೆ ಆದರೆ 1500ರವರೆಗೆ. 177ಎ ಆದರೆ 500ರಿಂದ 1000. 184 ಅಂತ ಇದ್ದರೆ ಮಾತ್ರ ಸುಮ್ಮನಿರಬೇಡಿ, ಅದು ಅಪಾಯಕಾರಿ ಚಾಲನೆ, ಜೈಲು ಶಿಕ್ಷೆಯೂ ಇರೋ ಸೆಕ್ಷನ್. ಕ್ಯಾಮೆರಾ ಚಲನ್ ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 2021ರಲ್ಲಿ ಬಂದ 167ಎ ನಿಯಮ ನೋಡಿ: ಕ್ಯಾಮೆರಾ ಇದೆ ಅನ್ನೋ ಎಚ್ಚರಿಕೆ ಫಲಕ ಅಲ್ಲಿರಬೇಕು, ಫೋಟೊದಲ್ಲಿ ತಪ್ಪು, ನಂಬರ್, ದಿನಾಂಕ, ಸಮಯ, ಜಾಗ ಕಾಣಬೇಕು. ನಿಮ್ಮ ಫೋಟೊದಲ್ಲಿ ಬಾಣವೇ ಕಾಣದಿದ್ದರೆ ಅದನ್ನೇ ಅರ್ಜಿಯ ಮೊದಲ ಸಾಲು ಮಾಡಿ.

ಠಾಣೆಯಲ್ಲಿ ಒಪ್ಪದಿದ್ದರೆ ಪ್ರಕರಣ ಕೋರ್ಟಿಗೆ ಹೋಗಬಹುದು. ಅಲ್ಲಿ ತಪ್ಪೊಪ್ಪಿಕೊಳ್ತೀರಾ ಅಂತ ಕೇಳ್ತಾರೆ. ಸರದಿಯಲ್ಲಿ ನಿಂತವರೆಲ್ಲ ಹೂಂ ಅಂತಾರೆ ಅಂತ ನೀವೂ ಅನ್ನಬೇಡಿ, ಒಪ್ಪಲ್ಲ ಅಂತ ಸ್ಪಷ್ಟವಾಗಿ ಹೇಳಿ. ಒಂದೆರಡು ದಿನದ ಕೆಲಸ ಹೋಗಬಹುದು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿ. ಠಾಣೆಗೆ ಅರ್ಜಿಯ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿ ಸೀಲು, ಸಹಿ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಎರಡನೇ ಸಲ ಹೋದಾಗ ನನ್ನ ಅರ್ಜಿ ಅವರಿಗೆ ಸಿಗಲಿಲ್ಲ, ನನ್ನ ಪ್ರತಿ ತೋರಿಸಿದ ಮೇಲೇ ವಿಡಿಯೊ ತೆಗೆದರು.