ದೇವರ ಮೇಲೆ ಮುನಿಸಿಕೊಂಡರೆ ಪಾಪವಾ?

ಪ್ರಶ್ನೆ: ನನಗೆ 49 ವರ್ಷ. ಚರ್ಚಿನವರೇ ನಡೆಸುವ ಅನುದಾನಿತ ಹೈಸ್ಕೂಲಿನಲ್ಲಿ 22 ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ. ಈ ಸಲ ಹೆಡ್‌ಮಿಸ್ ಹುದ್ದೆ ನನಗೇ ಬರುತ್ತದೆ ಅಂದುಕೊಂಡಿದ್ದೆ. ನನಗಿಂತ ಆರು ವರ್ಷ ತಡವಾಗಿ ಸೇರಿದ ಗೆಳತಿಗೆ ಸಿಕ್ಕಿತು. ಅವಳು ಹಂಚಿದ ಮೈಸೂರು ಪಾಕ್ ನನ್ನ ಬ್ಯಾಗಿನಲ್ಲೇ ಉಳಿಯಿತು. ಎಲ್ಲರೂ ‘ದೇವರ ಚಿತ್ತ’ ಎನ್ನುತ್ತಾರೆ. ಪ್ರಾರ್ಥನಾ ಕೂಟದಲ್ಲಿ ‘ಎಲ್ಲದರಲ್ಲೂ ಸ್ತೋತ್ರ ಮಾಡಬೇಕು, ನಿಮ್ಮ ನಂಬಿಕೆ ಯಾಕೋ ಕಡಿಮೆಯಾಗಿದೆ’ ಎಂದರು. ಭಾನುವಾರ ಗಾಯನ ತಂಡದಲ್ಲಿ ನಿಂತರೆ ಬಾಯಿ ಹಾಡುತ್ತದೆ, ಮನಸ್ಸು ಇರುವುದಿಲ್ಲ. ಮನೆಯಲ್ಲಿ ಯಾರೂ ಸತ್ತಿಲ್ಲ, ಕಾಯಿಲೆಯೂ ಇಲ್ಲ. ಇಷ್ಟಕ್ಕೇ ದೇವರ ಮೇಲೆ ಮುನಿಸಿಕೊಳ್ಳುವುದು ಪಾಪವಾ? ಮ್ಯಾನೇಜ್‌ಮೆಂಟಿಗೆ ಅರ್ಜಿ ಕೊಡು ಎನ್ನುತ್ತಾರೆ ಯಜಮಾನರು. ಅದು ಸಭೆಯವರ, ಅಂದರೆ ನಮ್ಮ ಚರ್ಚಿನವರ ಮೇಲೇ ದೂರು ಕೊಟ್ಟಂತೆ ಅಲ್ವಾ?
– ಹೆಸರು ಬೇಡ

ಉತ್ತರ: ಸಹೋದರಿ, ಪಾಪವಲ್ಲ. ಮಿಕ್ಕಿದ್ದನ್ನು ಆಮೇಲೆ ಮಾತಾಡೋಣ, ಇದು ಮಾತ್ರ ಮೊದಲು ನಿಮ್ಮ ಮನಸ್ಸಿಗೆ ಇಳಿಯಲಿ.

‘ಯಾರೂ ಸತ್ತಿಲ್ಲ’ ಎಂಬ ನಿಮ್ಮ ಮಾತು ಓದಿ ಸಂಕಟವಾಯಿತು. ಬೇಜಾರು ಮಾಡಿಕೊಳ್ಳುವುದಕ್ಕೂ ಅಪ್ಪಣೆ ಕೇಳುವ ಹಾಗಾಗಿದೆ ನಿಮಗೆ. 22 ವರ್ಷ ಒಂದೇ ಶಾಲೆಯಲ್ಲಿ ದುಡಿದು, ಕೊನೆಗೆ ‘ನಿಮ್ಮನ್ನು ಲೆಕ್ಕಕ್ಕೆ ತಗೊಂಡಿಲ್ಲ’ ಎನ್ನಿಸಿಕೊಂಡರೆ ಅದು ಸಣ್ಣ ನೋವೇನಲ್ಲ.

ನೀವು ಹಾಡುವ ಬೈಬಲಿನ ಕೀರ್ತನೆಗಳನ್ನೇ ನೋಡಿ. 150ರಲ್ಲಿ ಸುಮಾರು ಮೂರನೇ ಒಂದು ಭಾಗ ದುಃಖ ತೋಡಿಕೊಂಡವೇ. 13ನೆಯದನ್ನು ತೆಗೆಯಿರಿ. ಮೊದಲ ಎರಡು ವಚನದಲ್ಲೇ ‘ಇನ್ನೆಷ್ಟು ಕಾಲ’ ಎಂದು ನಾಲ್ಕು ಸಲ ಕೇಳುತ್ತಾನೆ ಹಾಡುವವನು. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೊಂದು ಸ್ತೋತ್ರದ ಸಾಲು ಸೇರಿಸಿ ಅದನ್ನು ಯಾರೂ ಸರಿಮಾಡಲಿಲ್ಲ. ಹಾಗೇ ಬೈಬಲಿನೊಳಗೆ ಇಟ್ಟುಕೊಂಡರು. ಎಲ್ಲದರಲ್ಲೂ ಸ್ತೋತ್ರ ಮಾಡಿ ಎಂದು ಥೆಸಲೊನೀಕದವರಿಗೆ ಬರೆದ, ಯೇಸುವಿನ ಸುವಾರ್ತೆ ಸಾರಿದ ಪೌಲನೇ ಕೊರಿಂಥದವರಿಗೆ ಬರೆದ ಎರಡನೆಯ ಪತ್ರ ಶುರು ಮಾಡುವಾಗ, ಆಸ್ಯ ಸೀಮೆಯಲ್ಲಿ (ಈಗಿನ ಟರ್ಕಿಯ ಪಶ್ಚಿಮ ಭಾಗ) ಜೀವದ ಆಸೆಯನ್ನೇ ಬಿಟ್ಟುಬಿಟ್ಟಿದ್ದೆವು ಎಂದು ಹೇಳಿಕೊಂಡಿದ್ದಾನೆ. ಅವನ ನಂಬಿಕೆ ಕಡಿಮೆಯಾಗಿತ್ತು ಎಂದು ನಿಮ್ಮ ಕೂಟದಲ್ಲಿ ಯಾರಾದರೂ ಹೇಳುತ್ತಾರಾ?

ಇನ್ನು ಲೂಕನ ಸುವಾರ್ತೆಯ 24ನೇ ಅಧ್ಯಾಯ. ನಿಮ್ಮ ಪತ್ರ ಓದುವಾಗ ನನಗೆ ನೆನಪಾಗಿದ್ದು ಅದೇ. ಯೆರೂಸಲೇಮಿನಿಂದ ಎಮ್ಮಾಹುವಿಗೆ ಸುಮಾರು 11 ಕಿಲೋಮೀಟರ್. ಯೇಸುವನ್ನು ಶಿಲುಬೆಗೇರಿಸಿ ಮೂರನೆಯ ದಿನ, ಅವನ ಶಿಷ್ಯರಲ್ಲಿ ಇಬ್ಬರು ಮಾತಾಡುತ್ತಾ ಹೋಗುತ್ತಿದ್ದಾರೆ. ಮುಖ ಬಾಡಿದೆ. ಸಾವಿನಿಂದ ಎದ್ದ ಯೇಸು ಬಂದು ಜೊತೆಗೆ ಹೆಜ್ಜೆ ಹಾಕುತ್ತಾನೆ, ಅವರಿಗೆ ಗುರುತು ಸಿಗುವುದಿಲ್ಲ. ‘ಏನು ಮಾತಾಡುತ್ತಿದ್ದೀರಿ?’ ಎಂದು ಕೇಳುತ್ತಾನೆ. ನಿನಗೆ ಗೊತ್ತಿಲ್ಲವಾ ಎಂದರೆ, ‘ಏನು ನಡೆಯಿತು?’ ಎಂದು ಮತ್ತೆ ಕೇಳುತ್ತಾನೆ. ನಡೆದದ್ದೆಲ್ಲ ಅವನ ಮೇಲೆಯೇ ನಡೆದಿತ್ತು! ಆದರೂ ಅವರ ಬಾಯಿಂದಲೇ ಪೂರ್ತಿ ಹೇಳಿಸುತ್ತಾನೆ. ಇಸ್ರಾಯೇಲನ್ನು ಬಿಡಿಸುವವನು ಇವನೇ ಎಂದು ನಂಬಿಕೊಂಡಿದ್ದೆವು ಎನ್ನುತ್ತಾರೆ ಅವರು. ಆಮೇಲೆ ಗದರಿದ್ದೂ ಉಂಟು, ಮುಚ್ಚಿಡುವುದಿಲ್ಲ. ಆದರೆ ಮೊದಲು ಕೇಳಿಸಿಕೊಂಡ.

ಇಲ್ಲಿ ಇನ್ನೊಂದು ವಿಷಯ ನಾವು ಗಮನಿಸುವುದೇ ಕಡಿಮೆ. ಅವರು ಆಸೆಪಟ್ಟ ಬಿಡುಗಡೆ ಆ ಸಂಜೆಯೂ ಸಿಗಲಿಲ್ಲ. ರೋಮಿನವರ ಆಳ್ವಿಕೆ ಹಾಗೇ ಇತ್ತು. ಸಿಕ್ಕಿದ್ದು ಯೇಸುವಿನ ಸಂಗ, ಊಟಕ್ಕೆ ಕೂತಾಗ ಅವನು ಮುರಿದುಕೊಟ್ಟ ರೊಟ್ಟಿ. ಆಗಲೇ ಅವನ ಗುರುತು ಸಿಕ್ಕಿದ್ದು. ಅಷ್ಟರಲ್ಲೇ ಅವರು ಎದ್ದು ಅದೇ ರಾತ್ರಿ ವಾಪಸ್ಸು ನಡೆದರು, ತಮ್ಮ ಆಸೆ ಮಣ್ಣುಪಾಲಾದ ಅದೇ ಊರಿಗೆ. ನಿರಾಸೆಗೆ ಕ್ರೈಸ್ತ ನಂಬಿಕೆ ಕೊಡುವ ಅರ್ಥ ಇಷ್ಟೇ ಎಂದು ನನಗೆ ಅನಿಸುತ್ತದೆ. ‘ಇದಕ್ಕಿಂತ ಒಳ್ಳೆಯದನ್ನು ದೇವರು ಇಟ್ಟಿದ್ದಾನೆ’ ಎಂದು ನಾನು ನಿಮಗೆ ಮಾತು ಕೊಡಲಾರೆ. ಬಹುಶಃ ಆ ಕುರ್ಚಿ ಕೊನೆಗೂ ಬರದೇ ಇರಬಹುದು. ನಾಳೆ ನೀವು ಹೋಗಬೇಕಾದದ್ದು ಅದೇ ಸ್ಟಾಫ್‌ರೂಮಿಗೆ. ಒಬ್ಬರೇ ಹೋಗುವುದಿಲ್ಲ ಎಂಬುದನ್ನು ಮಾತ್ರ ನಂಬಿ ಹೇಳುತ್ತೇನೆ.

ಹಾಗಾಗಿ ಈ ವಾರ ಪ್ರಾರ್ಥನೆಗೆ ಕೂತಾಗ ಚೆಂದದ ಮಾತು ಹುಡುಕಬೇಡಿ. ‘ನಾನು ನಂಬಿಕೊಂಡಿದ್ದೆ’ ಎಂದು ಶುರು ಮಾಡಿ. ಹೆಸರು ಹಿಡಿದೇ ಹೇಳಿ. ಹೊಟ್ಟೆಕಿಚ್ಚಿದ್ದರೆ ಅದನ್ನೂ ಹೇಳಿ. ಅಳು ಬಂದರೆ ಅತ್ತುಬಿಡಿ. ಗಾಯನ ತಂಡದಿಂದ ಒಂದೆರಡು ಭಾನುವಾರ ಬಿಡುವು ಕೇಳಿ ಬೆಂಚಿನಲ್ಲಿ ಕುಳಿತರೂ ಏನೂ ತಪ್ಪಿಲ್ಲ. ನಿಮ್ಮ ಬದಲು ಉಳಿದವರು ಹಾಡಲಿ. ಸಭೆ ಇರುವುದು ಅದಕ್ಕೂ ಹೌದು.

ಅರ್ಜಿ ವಿಷಯಕ್ಕೆ ಬರೋಣ. ಕಮಿಟಿಯ ನಾಲ್ಕು ಜನ ಕೂತು ಮಾಡಿದ ತೀರ್ಮಾನಕ್ಕೆ ಅವಸರದಲ್ಲಿ ‘ದೇವರ ಚಿತ್ತ’ ಎಂದು ಹೆಸರಿಡುವುದು ನನಗೆ ಒಪ್ಪಿಗೆಯಿಲ್ಲ. ಅವರೂ ಮನುಷ್ಯರೇ, ತಪ್ಪಬಹುದು. ನ್ಯಾಯ ಕೇಳಿ ಮತ್ತೆ ಮತ್ತೆ ನ್ಯಾಯಾಧಿಪತಿಯ ಬಳಿ ಹೋಗುತ್ತಿದ್ದ ವಿಧವೆಯ ಕಥೆ ಹೇಳಿದ್ದು ಯೇಸುವೇ, ಲೂಕ 18ರಲ್ಲಿ. ಅವಳನ್ನು ಜಗಳಗಂಟಿ ಎಂದು ಅವನು ಕರೆಯಲಿಲ್ಲ. ನಿಮ್ಮ ಯಜಮಾನರ ಮಾತು ಸರಿ. ಸೇವಾ ಜ್ಯೇಷ್ಠತಾ ಪಟ್ಟಿಯಲ್ಲಿ ನೀವು ಎಲ್ಲಿದ್ದೀರಿ, ಯಾವ ಕಾರಣಕ್ಕೆ ನಿಮ್ಮನ್ನು ಬಿಟ್ಟರು ಎಂದು ಬರವಣಿಗೆಯಲ್ಲಿ ಕೇಳಿ. ಒಂದೇ ಪುಟ ಸಾಕು. ಗೆಳತಿಯ ಬಗ್ಗೆ ಅದರಲ್ಲಿ ಒಂದಕ್ಷರವೂ ಬೇಡ. ಅದರ ಒಂದು ನಕಲು ಇಟ್ಟುಕೊಳ್ಳಿ, ತಲುಪಿತು ಎಂದು ಸಹಿ ಹಾಕಿಸಿಕೊಳ್ಳಿ. ಕೊಡುವ ಮೊದಲು ಸಭಾಪಾಲಕರಿಗೆ (ಚರ್ಚಿನ ಪಾದ್ರಿಗಳಿಗೆ) ಒಂದು ಮಾತು ಹೇಳಿ, ಬೆನ್ನ ಹಿಂದೆ ಮಾಡಿದರು ಎಂಬ ಮಾತು ಬರುವುದು ಬೇಡ.

ಗೆಳತಿಗೂ ಅರ್ಜಿಯ ಸುದ್ದಿ ಬೇರೆಯವರಿಂದ ತಿಳಿಯಬಾರದು. ಮಧ್ಯಾಹ್ನ ಊಟದ ಹೊತ್ತಿಗೆ ಪಕ್ಕಕ್ಕೆ ಕರೆದು ನೀವೇ ಹೇಳಿ: ‘ನಿನ್ನ ಮೇಲೆ ಸಿಟ್ಟಿಲ್ಲ ಕಣೇ, ಆದರೆ ನನಗೆ ತುಂಬಾ ಬೇಜಾರಾಗಿದೆ. ಸ್ವಲ್ಪ ದಿನ ಕೊಡು.’ ಅವಳಿಗೂ ಬಹುಶಃ ನಿಮ್ಮ ಮುಖ ನೋಡಲು ಆಗುತ್ತಿಲ್ಲ. ಅರ್ಜಿಗೆ ಏನು ಉತ್ತರ ಬಂತೆಂದು ಬರೆಯಿರಿ, ಕಾಯುತ್ತಿರುತ್ತೇನೆ.